ಪೇಂಟಿಂಗ್ ಎರಡನೇ ಸಲ ಮಾರಾಟ ಆದಾಗ ಬರೆದವರಿಗೆ ಏನು ಸಿಗಬೇಕು?

(ಮುಂಬೈಯ ಮಾಟುಂಗಾದಲ್ಲಿ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳ್ತಾ ಬರೆದಿದ್ದು, ಸ್ವಾಗತ ವಂದನೆ ಎಲ್ಲ ಬಿಟ್ಟಿದ್ದೀನಿ.)

ತೈಯಬ್ ಮೆಹ್ತಾ ಅವರಿಂದ ಶುರು ಮಾಡ್ತೀನಿ, ಯಾಕಂದ್ರೆ ಅವರು ಈ ಊರಿನವರು. 2002ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಲ್ಲಿ ಅವರ ‘ಸೆಲೆಬ್ರೇಷನ್’ ಅನ್ನೋ ಪೇಂಟಿಂಗ್ 3,17,500 ಡಾಲರ್‌ಗೆ ಹೋಯ್ತು, ಆಗಿನ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿ. ಮೂರು ವರ್ಷ ಆದ್ಮೇಲೆ, 2005ರಲ್ಲಿ, ಅಲ್ಲೇ ಅವರ ‘ಮಹಿಷಾಸುರ’ 15.8 ಲಕ್ಷ ಡಾಲರ್‌ಗೆ ಹೋಯ್ತು. ಭಾರತದ ಸಮಕಾಲೀನ ಕಲೆ ಹತ್ತು ಲಕ್ಷ ಡಾಲರ್ ದಾಟಿದ್ದು ಅದೇ ಮೊದಲು. ಮೆಹ್ತಾ ಅವರಿಗೆ ಆಗ ಎಂಬತ್ತು ವರ್ಷ, ಇದೇ ಮುಂಬೈಲಿ ಇದ್ರು. ದುಡ್ಡು ಮಾರಿದವರಿಗೆ ಹೋಯ್ತು, ಕಮಿಷನ್ ಹರಾಜು ಕಂಪನಿಗೆ ಹೋಯ್ತು. ಬರೆದವರಿಗೆ ಒಂದು ಡಾಲರ್ ಆದ್ರೂ ಕೊಡಬೇಕು ಅನ್ನೋ ಕಾನೂನು ನ್ಯೂಯಾರ್ಕಲ್ಲಿ ಆಗಲೂ ಇರಲಿಲ್ಲ, ಇವತ್ತೂ ಇಲ್ಲ.

ಇದು ಸರಿನಾ ತಪ್ಪಾ ಅಂತ ಕೇಳಿದ್ರೆ ನಿಮ್ಮಲ್ಲಿ ಅರ್ಧ ಜನ ಅನ್ಯಾಯ ಅಂತೀರಿ, ಉಳಿದವರು ಮಾರಿ ಆದ್ಮೇಲೆ ಮುಗೀತಲ್ವಾ ಅಂತೀರಿ. ಎರಡಕ್ಕೂ ಬಲ ಇದೆ. ಆದ್ರೆ ನಾನು ಎಕನಾಮಿಕ್ಸ್ ಪಾಠ ಮಾಡಿದವನು, ನನಗೆ ಅದಕ್ಕಿಂತ ಬೇರೆ ಒಂದು ಪ್ರಶ್ನೆ ಮುಖ್ಯ. ಮತ್ತೆ ಮಾರಾಟ ಆದಾಗೆಲ್ಲ ಆ ಬೆಲೆಯಲ್ಲಿ ಬರೆದವರಿಗೂ ಒಂದು ಪಾಲು, ಅಂದ್ರೆ ರಾಯಲ್ಟಿ, ಕೊಡಬೇಕು ಅಂತಿಟ್ರೆ ಮಾರ್ಕೆಟ್‌ಗೆ ಏನಾಗುತ್ತೆ? ಬೆಲೆ ಬೀಳುತ್ತಾ, ವ್ಯಾಪಾರ ಓಡಿ ಹೋಗುತ್ತಾ, ದುಡ್ಡು ನಿಜವಾಗಲೂ ಯಾರ ಕೈಗೆ ಸೇರುತ್ತೆ?

ಮೊದಲು ಈ ಬೇಡಿಕೆ ಎಲ್ಲಿಂದ ಹುಟ್ಟಿತು ಅಂತ ನೋಡೋಣ. ಕಾದಂಬರಿ ಬರೆದವರು ಒಂದೊಂದು ಪ್ರತಿಗೂ ರಾಯಲ್ಟಿ ತಗೋತಾರೆ, ಪುಸ್ತಕ ಹೆಸರು ಮಾಡಿದಷ್ಟೂ ಪ್ರತಿ ಹೆಚ್ಚು, ದುಡ್ಡು ಹೆಚ್ಚು. ಹಾಡು ಮಾಡಿದವರಿಗೂ ಹಂಗೇ. ಪೇಂಟರ್ ಹತ್ರ ಇರೋದು ಒಂದೇ ವಸ್ತು. ಅದನ್ನ ಮಾರೋದು ಸಾಮಾನ್ಯವಾಗಿ ಹೆಸರು ಬರೋಕೆ ಮುಂಚೆ, ಬಾಡಿಗೆ ಕಟ್ಟೋಕೆ ದುಡ್ಡು ಬೇಕಾದಾಗ. ಹೆಸರು ಬಂದ ಮೇಲೆ ಏರಿದ ಬೆಲೆ ಎಲ್ಲ ಕೊಂಡವರದ್ದು. ಆ ಬೆಲೆ ಏರಿದ್ದು ಯಾಕೆ? ಆಮೇಲಿನ ಮೂವತ್ತು ವರ್ಷ ಆ ಕಲಾವಿದ ಮಾಡಿದ ಕೆಲಸದಿಂದ. ಮುಂದಿನ ಕೆಲಸ ಹಿಂದಿನ ಪೇಂಟಿಂಗಿನ ಬೆಲೆ ಏರಿಸುತ್ತೆ, ಆದ್ರೆ ಹಿಂದಿನದು ಅವರ ಕೈಯಲ್ಲಿಲ್ಲ.

ಫ್ರಾನ್ಸಲ್ಲಿ ಮಿಲೆ ಅಂತ ಒಬ್ಬ ಕಲಾವಿದ. ಹೊಲದಲ್ಲಿ ಗಂಡ ಹೆಂಡತಿ ತಲೆ ಬಗ್ಗಿಸಿ ಪ್ರಾರ್ಥನೆ ಮಾಡ್ತಾ ನಿಂತಿರೋ ಅವರ ಚಿತ್ರ ಕ್ಯಾಲೆಂಡರ್‌ಗಳಲ್ಲಿ ನೀವೂ ನೋಡಿರ್ತೀರಿ. ಅದನ್ನ ಅವರು ಸುಮಾರು ಸಾವಿರ ಫ್ರಾಂಕ್‌ಗೆ ಕೊಟ್ಟಿದ್ರು. ಅವರು ತೀರಿಕೊಂಡಿದ್ದು 1875ರಲ್ಲಿ, 1889ರ ಹರಾಜಲ್ಲಿ ಅದು 5,53,000 ಫ್ರಾಂಕ್‌ಗೆ ಕೂಗಿಸಿಕೊಳ್ತು. ಆ ಒಂದು ಬೆಲೆಯಿಂದಾನೇ ಫ್ರಾನ್ಸಲ್ಲಿ ಚರ್ಚೆ ಕಾವೇರಿದ್ದು. 1914ರಲ್ಲಿ ಪ್ಯಾರಿಸ್ಸಲ್ಲಿ ಒಂದು ಗುಂಪು, ಹತ್ತು ವರ್ಷ ಕೂಡಿಟ್ಟ ಹೊಸ ಕಲಾವಿದರ ಚಿತ್ರಗಳನ್ನ ಹರಾಜಿಗೆ ಇಟ್ಟು, ಬಂದ ಲಾಭದಲ್ಲಿ 20 ಪರ್ಸೆಂಟ್ ಕಲಾವಿದರಿಗೇ ಹಂಚಿತು, ಯಾವ ಕಾನೂನೂ ಇಲ್ಲದೆ, ಸ್ವಂತ ಇಷ್ಟದಿಂದ. ಅದರಲ್ಲಿ ಪಿಕಾಸೋ ಅವರದ್ದೂ ಇತ್ತು, ಸಾವಿರ ಫ್ರಾಂಕ್‌ಗೆ ಕೊಂಡಿದ್ದು ಹನ್ನೊಂದೂವರೆ ಸಾವಿರಕ್ಕೆ ಹೋಗಿತ್ತು. ಆರು ವರ್ಷ ಆದ್ಮೇಲೆ, 1920ರಲ್ಲಿ, ಫ್ರಾನ್ಸ್ ಅದನ್ನ ಕಾನೂನೇ ಮಾಡಿತು.

ಅಮೆರಿಕಾದ ಕತೆ ಸ್ವಲ್ಪ ಬಿಸಿ. 1973ರಲ್ಲಿ ರಾಬರ್ಟ್ ಸ್ಕಲ್ ಅನ್ನೋ ಕಲೆಕ್ಟರ್ ತಮ್ಮ ಸಂಗ್ರಹ ನ್ಯೂಯಾರ್ಕಲ್ಲಿ ಹರಾಜು ಹಾಕಿದ್ರು. ರಾಬರ್ಟ್ ರೌಶೆನ್‌ಬರ್ಗ್ ಅವರ ಒಂದು ಕೃತಿ, 900 ಡಾಲರ್‌ಗೆ ಕೊಂಡಿದ್ದು, 85,000ಕ್ಕೆ ಹೋಯ್ತು. ರೌಶೆನ್‌ಬರ್ಗ್ ಅಲ್ಲೇ ಇದ್ರು, ಹರಾಜು ಮುಗಿದ ಮೇಲೆ ಸ್ಕಲ್ ಅವರನ್ನ ತಳ್ಳಿ, ನೀನು ಲಾಭ ಮಾಡ್ಕೊಳ್ಳಲಿ ಅಂತಾನಾ ನಾನು ಇಷ್ಟು ದುಡಿದಿದ್ದು ಅನ್ನೋ ಅರ್ಥದಲ್ಲಿ ಜಗಳಕ್ಕೆ ನಿಂತ್ರು. ಸ್ಕಲ್ ಕೊಟ್ಟ ಉತ್ತರದ ತಿರುಳು ಏನಂದ್ರೆ, ಇದರಿಂದ ನಿನ್ನ ಮುಂದಿನ ಪೇಂಟಿಂಗಿಗೂ ಬೆಲೆ ಏರುತ್ತಲ್ಲ. ಈ ಮಾತನ್ನ ನೀವು ನೆನಪಿಟ್ಕೊಳ್ಳಬೇಕು, ಯಾಕಂದ್ರೆ ರಾಯಲ್ಟಿ ಬೇಡ ಅನ್ನೋ ಎಕನಾಮಿಕ್ಸ್‌ನವರ ಮೊದಲ ವಾದ ಅದೇ. ಬೆಳೆದ ಕಲಾವಿದನಿಗೆ ಹರಾಜಿನ ಬೆಲೆಯ ಲಾಭ ಹೊಸ ಕೆಲಸದ ಮೂಲಕ ಬಂದೇ ಬರುತ್ತೆ ಅಂತ. ರೌಶೆನ್‌ಬರ್ಗ್‌ಗೆ ಅದು ನಿಜ, ಅವರಿಗಿನ್ನೂ ನಲವತ್ತೇಳು ವರ್ಷ. ಕೈ ನಡುಗೋ ವಯಸ್ಸಲ್ಲಿ ಇರೋರಿಗೆ, ಅಥವಾ ಸತ್ತು ಹೋದವರ ಮನೆಯವರಿಗೆ, ಅದು ಹೆಂಗೆ ನಿಜ ಆಗುತ್ತೆ ಹೇಳಿ.

ಎರಡನೇ ವಾದ ಇನ್ನೂ ಗಟ್ಟಿ. ಮುಂದೆ ಮಾರುವಾಗ 5 ಪರ್ಸೆಂಟ್ ಕೊಡಬೇಕು ಅಂತ ಗೊತ್ತಿದ್ರೆ ಕೊಳ್ಳೋನು ಇವತ್ತೇ ಅದನ್ನ ಲೆಕ್ಕಕ್ಕೆ ಹಿಡೀತಾನೆ, ಇವತ್ತಿನ ಬೆಲೆ ಅಷ್ಟು ಕಡಿಮೆ ಕೊಡ್ತಾನೆ. ಅಂದ್ರೆ ಹೆಸರಿಲ್ಲದ ಹುಡುಗ ಕಲಾವಿದ ಇವತ್ತು ಕೈಗೆ ಬರೋ ದುಡ್ಡು ಬಿಟ್ಟು, ಮುಂದೆಂದೋ ಬಂದ್ರೂ ಬರಬಹುದು ಅನ್ನೋ ದುಡ್ಡನ್ನ ಕೊಂಡ್ಕೊಂಡ ಹಾಗೆ. ದುಡ್ಡಿನ ಅಗತ್ಯ ಜಾಸ್ತಿ ಇರೋದು ಇವತ್ತು, ಕಟ್ ಆಗೋದೂ ಇವತ್ತೇ. ಹೆಸರು ಮಾಡದ ನೂರು ಜನ ಕಳ್ಕೋತಾರೆ, ಹೆಸರು ಮಾಡಿದ ಒಬ್ಬ ಗಳಿಸ್ತಾನೆ, ಹಾಗಾಗಿ ಇದು ಬಡ ಕಲಾವಿದನಿಂದ ಕಿತ್ತು ಶ್ರೀಮಂತ ಕಲಾವಿದನಿಗೆ ಕೊಡೋ ವ್ಯವಸ್ಥೆ ಅಂತ ಅವರು ಹೇಳ್ತಾರೆ.

ಕೇಳೋಕೆ ಭಯ ಆಗುತ್ತೆ ಅಲ್ವಾ? ಒಂದು ಲೆಕ್ಕ ಮಾಡಿ ನೋಡೋಣ, ಇದು ಊಹೆಯ ಲೆಕ್ಕ, ಬೋರ್ಡ್ ಮೇಲೆ ಬರೀತೀನಿ. ಹೊಸ ಕಲಾವಿದೆಯ ಒಂದು ಪೇಂಟಿಂಗ್, ಕಾಲಾ ಘೋಡಾದ ಯಾವುದೋ ಗ್ಯಾಲರಿಯಲ್ಲಿ 50,000 ರೂಪಾಯಿ. ಇಂಥ ನೂರು ಪೇಂಟಿಂಗಲ್ಲಿ ಒಂದು 25 ವರ್ಷ ಆದ್ಮೇಲೆ 50 ಲಕ್ಷ ಆಗುತ್ತೆ, ಉಳಿದವು ಮತ್ತೆ ಮಾರಾಟಾನೇ ಆಗಲ್ಲ ಅಂತಿಟ್ಕೊಳ್ಳಿ. 50 ಲಕ್ಷಕ್ಕೆ 5 ಪರ್ಸೆಂಟ್ ಅಂದ್ರೆ ಎರಡೂವರೆ ಲಕ್ಷ. ನೂರಕ್ಕೆ ಒಂದು ಚಾನ್ಸ್ ಅಂದ್ರೆ ಸರಾಸರಿ 2,500. ಅದು 25 ವರ್ಷ ಆದ್ಮೇಲಿನ ದುಡ್ಡು, ವರ್ಷಕ್ಕೆ 10 ಪರ್ಸೆಂಟ್ ಬಡ್ಡಿಯಂತೆ ಇವತ್ತಿಗೆ ಇಳಿಸಿದ್ರೆ ಸುಮಾರು 230 ರೂಪಾಯಿ. ಅಂದ್ರೆ ಲೆಕ್ಕಾಚಾರದ ಕೊಳ್ಳುಗ ಇವತ್ತು 50,000ದಲ್ಲಿ 230 ರೂಪಾಯಿ ಕಡಿಮೆ ಕೊಡಬೇಕು. ಗ್ಯಾಲರಿಯಲ್ಲಿ ಚೌಕಾಸಿ ಮಾಡುವಾಗ ಐದೈದು ಸಾವಿರ ಇಳಿಸ್ತಾರೆ, ಅಲ್ಲಿ 230 ರೂಪಾಯಿ ಯಾರ ಕಣ್ಣಿಗೂ ಬೀಳಲ್ಲ. ಒಂದೇ ಸಲ ಅಲ್ಲ, ಎರಡು ಮೂರು ಸಲ ಮರುಮಾರಾಟ ಆಗುತ್ತೆ ಅಂದ್ಕೊಂಡ್ರೂ ಸಾವಿರ ದಾಟೋದು ಕಷ್ಟ.

ಈ ಲೆಕ್ಕ ಎರಡೂ ಕಡೆಯವರಿಗೆ ಉತ್ತರ ಕೊಡುತ್ತೆ. ಹೊಸಬರ ಹೊಟ್ಟೆ ಮೇಲೆ ಹೊಡೆಯುತ್ತೆ ಅನ್ನೋ ಭಯಕ್ಕೆ ಅಷ್ಟು ಆಧಾರ ಇಲ್ಲ. ಆದ್ರೆ ಇದರಿಂದ ಹೊಸಬರು ಬದುಕಿಬಿಡ್ತಾರೆ ಅನ್ನೋದೂ ಸುಳ್ಳು. ಇಪ್ಪತ್ತೈದರ ಹುಡುಗಿಗೆ ಸ್ಟುಡಿಯೋ ಬಾಡಿಗೆ ಕಟ್ಟೋಕೆ ಇದರಿಂದ ಆಗಲ್ಲ. ಇದರ ಉಪಯೋಗ ಇರೋದು ಅರವತ್ತು, ಎಪ್ಪತ್ತರ ವಯಸ್ಸಿನವರಿಗೆ, ಹಳೇ ಕೆಲಸ ಕೈ ಬದಲಾಗ್ತಾ ಇರೋರಿಗೆ.

ಈಗ ಯುರೋಪಿನ ರೇಟು ಹೇಳ್ತೀನಿ, ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕಂದ್ರೆ ಇದರ ಜಾಣತನ ರೇಟಿನ ರಚನೆಯಲ್ಲೇ ಇದೆ. 2001ರಲ್ಲಿ ಯುರೋಪಿಯನ್ ಯೂನಿಯನ್ ಎಲ್ಲ ದೇಶಕ್ಕೂ ಒಂದೇ ನಿಯಮ ಅಂತ ಒಂದು ಡೈರೆಕ್ಟಿವ್ ಹೊರಡಿಸಿತು. ಮೊದಲ 50,000 ಯುರೋಗೆ 4 ಪರ್ಸೆಂಟ್, ಅಲ್ಲಿಂದ 2 ಲಕ್ಷದವರೆಗೆ 3, ಮೂರೂವರೆ ಲಕ್ಷದವರೆಗೆ 1, ಐದು ಲಕ್ಷದವರೆಗೆ ಅರ್ಧ, ಅದರ ಮೇಲೆ ಕಾಲು ಪರ್ಸೆಂಟ್. ಏನೇ ಆದ್ರೂ 12,500 ಯುರೋಗಿಂತ ಜಾಸ್ತಿ ಇಲ್ಲ. ಕೂಡಿಸಿ ನೋಡಿದ್ರೆ 10 ಲಕ್ಷ ಯುರೋದ ಪೇಂಟಿಂಗಿಗೆ ರಾಯಲ್ಟಿ 10,000, ಅಂದ್ರೆ ಬರೀ ಒಂದು ಪರ್ಸೆಂಟ್. 20 ಲಕ್ಷಕ್ಕೆ 12,500, ಅಲ್ಲಿಗೆ ಮುಗೀತು, ಪೇಂಟಿಂಗ್ 2 ಕೋಟಿ ಯುರೋಗೆ ಹೋದ್ರೂ ಅಷ್ಟೇ. ಕಲಾವಿದ ಸತ್ತು 70 ವರ್ಷದ ತನಕ ಈ ಹಕ್ಕು ನಡೆಯುತ್ತೆ.

ಮುಂಬೈಲಿ ಫ್ಲ್ಯಾಟ್ ಮಾರಿದವರಿಗೆಲ್ಲ ಇದು ಥಟ್ ಅಂತ ಅರ್ಥ ಆಗುತ್ತೆ. ಹೌಸಿಂಗ್ ಸೊಸೈಟಿಯವರು ಟ್ರಾನ್ಸ್‌ಫರ್ ಪ್ರೀಮಿಯಂ ತಗೋತಾರಲ್ಲ, ಅದಕ್ಕೆ 25,000 ರೂಪಾಯಿ ಅಂತ ಮಿತಿ ಇದೆ, ಫ್ಲ್ಯಾಟು ಎಷ್ಟೇ ಕೋಟಿದಾದ್ರೂ. ಆ 25,000 ಉಳಿಸೋಕೆ ಅಂತ ಯಾರಾದ್ರೂ ಫ್ಲ್ಯಾಟ್ ಮಾರೋದನ್ನೇ ಬಿಟ್ಟಿದ್ದು ನೋಡಿದ್ದೀರಾ? ಅದೇ ಆ ಮಿತಿ ತೆಗೆದು ಬೆಲೆಯ ಮೇಲೆ 10 ಪರ್ಸೆಂಟ್ ಅಂದಿದ್ರೆ ಎಷ್ಟೋ ಜನ ಮಾರ್ತಾನೇ ಇರಲಿಲ್ಲ, ಅಥವಾ ಕಾಗದದಲ್ಲಿ ಬೇರೆ ಬೆಲೆ ಬರೀತಿದ್ರು. ಪ್ರತಿ ಸಲ ಮಾರಿದಾಗಲೂ ಬೀಳೋ ಶುಲ್ಕ ದೊಡ್ಡದಾದಷ್ಟೂ ವಸ್ತು ಕೈ ಬದಲಾಗೋದು ಕಡಿಮೆ ಆಗುತ್ತೆ. ಇದು ಎಕನಾಮಿಕ್ಸಲ್ಲಿ ಯಾರೂ ಅಲ್ಲಗಳೆಯದ ಮಾತು.

ಮಾರ್ಕೆಟ್ ಓಡಿ ಹೋಗುತ್ತೆ ಅನ್ನೋ ವಾದಕ್ಕೆ ಬರ್ತೀನಿ. ಬ್ರಿಟನ್ನಲ್ಲಿ ಇದಕ್ಕೆ ತುಂಬಾ ವಿರೋಧ ಇತ್ತು. ಲಂಡನ್ ದೊಡ್ಡ ಮಾರ್ಕೆಟ್, ಎದುರಾಳಿ ನ್ಯೂಯಾರ್ಕಲ್ಲಿ ರಾಯಲ್ಟಿ ಇಲ್ಲ, ಜನ ಪೇಂಟಿಂಗ್ ಪ್ಯಾಕ್ ಮಾಡಿ ಅಲ್ಲಿಗೆ ಕಳಿಸಿಬಿಡ್ತಾರೆ ಅಂತ ಡೀಲರ್‌ಗಳು ಹೇಳಿದ್ರು. ಕೊನೆಗೆ 2006ರ ಫೆಬ್ರವರಿಯಲ್ಲಿ ಬದುಕಿರೋ ಕಲಾವಿದರಿಗೆ ಮಾತ್ರ ಜಾರಿ ಮಾಡಿದ್ರು, ಸತ್ತವರ ವಾರಸುದಾರರಿಗೆ 2012ರ ಜನವರಿಯಿಂದ. ಹೀಗೆ ಹಂತ ಹಂತವಾಗಿ ತಂದಿದ್ದು ನಮ್ಮಂಥವರಿಗೆ ಒಳ್ಳೇದಾಯ್ತು, ಯಾಕಂದ್ರೆ ಹೋಲಿಸಿ ನೋಡೋಕೆ ಅವಕಾಶ ಸಿಕ್ತು. ರಾಯಲ್ಟಿ ಬಿದ್ದ ಕಲಾವಿದರ ಬೆಲೆ ಏನಾಯ್ತು, ಬೀಳದವರದ್ದು ಏನಾಯ್ತು, ಲಂಡನ್ನಲ್ಲಿ ಏನಾಯ್ತು, ಬೇರೆ ಊರಲ್ಲಿ ಏನಾಯ್ತು. ಕ್ಯಾಥರಿನ್ ಗ್ರ್ಯಾಡಿ ಅನ್ನೋ ಅರ್ಥಶಾಸ್ತ್ರಜ್ಞೆ ಇನ್ನಿಬ್ಬರ ಜೊತೆ ಬ್ರಿಟಿಷ್ ಸರ್ಕಾರಕ್ಕೆ 2008ರಲ್ಲಿ ಕೊಟ್ಟ ವರದಿಯಲ್ಲಿ, ವ್ಯಾಪಾರ ಬ್ರಿಟನ್ನಿಂದ ಹೊರಗೆ ಹೋಗಿದ್ದಕ್ಕಾಗಲೀ ಬೆಲೆ ಬಿದ್ದಿದ್ದಕ್ಕಾಗಲೀ ಸಾಕ್ಷಿ ಸಿಗಲಿಲ್ಲ. ಆಮೇಲೆ 2011ರಲ್ಲಿ ಬಂದ ಅವರ ಇನ್ನೊಂದು ಲೇಖನದಲ್ಲೂ ಬೆಲೆ ಮೇಲೆ ಕೆಟ್ಟ ಪರಿಣಾಮ ಕಾಣಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆ ವರ್ಷಗಳಲ್ಲಿ ಕಲೆಯ ಮಾರ್ಕೆಟ್ ಕೊಬ್ಬಿ ಬೆಳೀತಿತ್ತು, ಏರೋ ಮಾರ್ಕೆಟಲ್ಲಿ ಸಣ್ಣ ಶುಲ್ಕ ಯಾರಿಗೂ ನೋಯಲ್ಲ. ಬದುಕಿರೋರದ್ದು ಮಾತ್ರ ಆಗಿದ್ರಿಂದ ಪಿಕಾಸೋ, ಮತೀಸ್ ಥರದ ದೊಡ್ಡ ದುಡ್ಡಿನ ಹೆಸರುಗಳು ಅದರಲ್ಲಿ ಇರಲಿಲ್ಲ. ಹಾಗಾಗಿ ಪರಿಣಾಮ ಸೊನ್ನೆ ಅಂತ ನಾನು ಹೇಳಲ್ಲ. ಸಣ್ಣದು, ಅಳತೆಗೆ ಸಿಗದಷ್ಟು ಸಣ್ಣದು ಅಂತ ಹೇಳ್ತೀನಿ. ಯಾಕೆ ಸಣ್ಣದು ಅಂದ್ರೆ ಮತ್ತೆ ಆ ರೇಟೇ ಕಾರಣ. ವಿಮಾನ ಹತ್ತಿಸಿ ನ್ಯೂಯಾರ್ಕಿಗೆ ಕಳಿಸೋಕೆ ಯೋಗ್ಯ ಆಗಿರೋದು ದೊಡ್ಡ ಬೆಲೆಯ ಪೇಂಟಿಂಗ್, ಅದರ ಮೇಲೆ ರಾಯಲ್ಟಿ ಅರ್ಧ ಒಂದು ಪರ್ಸೆಂಟ್ ಅಷ್ಟೇ, ಹರಾಜು ಕಂಪನಿಯವರ ಪ್ರೀಮಿಯಮ್ಮೇ ಇಪ್ಪತ್ತರ ಆಸುಪಾಸು ಇರುತ್ತೆ. ಪರ್ಸೆಂಟ್ ಜಾಸ್ತಿ ಇರೋದು ಸಣ್ಣ ಬೆಲೆಯ ಕೃತಿಗೆ, 5,000 ಯುರೋದ್ದಕ್ಕೆ 200 ಯುರೋ, ಅದನ್ನ ಉಳಿಸೋಕೆ ಸಾಗಣೆ ಮತ್ತು ಇನ್ಶೂರೆನ್ಸ್‌ಗೆ ಅದಕ್ಕಿಂತ ಜಾಸ್ತಿ ಖರ್ಚು. ಓಡಿ ಹೋಗಬಲ್ಲದ್ದಕ್ಕೆ ಭಾರ ಕಡಿಮೆ, ಭಾರ ಇರೋದಕ್ಕೆ ಓಡೋ ಶಕ್ತಿ ಇಲ್ಲ.

ಗೋವಾದ ಸಾಲಿಗಾಂವ್‌ನಲ್ಲಿ ಹುಟ್ಟಿದ ಎಫ್.ಎನ್. ಸೋಜಾ ಅವರ ‘ಬರ್ತ್’ ಅನ್ನೋ 1955ರ ಕೃತಿ 2008ರಲ್ಲಿ ಲಂಡನ್ನಲ್ಲಿ ಸುಮಾರು 25 ಲಕ್ಷ ಡಾಲರ್‌ಗೆ ಹೋಯ್ತು, ಅದೇ ಕೃತಿ 2015ರಲ್ಲಿ ನ್ಯೂಯಾರ್ಕಲ್ಲಿ 40 ಲಕ್ಷ ಡಾಲರ್ ದಾಟಿತು. ಮೊದಲ ಸಲ ಬ್ರಿಟನ್ನಲ್ಲಿ ಸತ್ತವರ ವಾರಸುದಾರರಿಗೆ ಹಕ್ಕು ಬಂದಿರಲಿಲ್ಲ, ಎರಡನೇ ಸಲ ಮಾರಿದ ಊರಲ್ಲಿ ಹಕ್ಕೇ ಇಲ್ಲ. ರಾಯಲ್ಟಿ ತಪ್ಪಿಸೋಕೆ ಅಂತ ಹೀಗೆ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಭಾರತದ ಕಲೆ ಕೊಳ್ಳೋ ಶ್ರೀಮಂತರು ಎಲ್ಲಿ ಸೇರ್ತಾರೋ ಅಲ್ಲಿ ಹರಾಜು ನಡೆಯುತ್ತೆ, ಊರು ಆರಿಸೋದು ಕೊಳ್ಳೋರು ಎಲ್ಲಿದ್ದಾರೆ ಅಂತ ನೋಡಿ.

ಹಾಗಾದ್ರೆ ಯಾರಿಗೂ ನೋವಿಲ್ವಾ ಅಂದ್ರೆ, ಇದೆ. ಸಣ್ಣ ಡೀಲರ್‌ಗೆ. 9,000 ಯುರೋಗೆ ಕೊಂಡು 10,000ಕ್ಕೆ ಮಾರೋನಿಗೆ ಲಾಭ ಸಾವಿರ, ಅದರಲ್ಲಿ 400 ರಾಯಲ್ಟಿಗೆ ಹೋದ್ರೆ ಲಾಭದಲ್ಲಿ 40 ಪರ್ಸೆಂಟ್ ಹೋದಂಗೆ. ರಾಯಲ್ಟಿ ಬೀಳೋದು ಒಟ್ಟು ಬೆಲೆ ಮೇಲೆ, ನಷ್ಟಕ್ಕೆ ಮಾರಿದ್ರೂ ಕಟ್ಟಬೇಕು. ಕ್ಯಾಲಿಫೋರ್ನಿಯಾದ ಹಳೇ ಕಾನೂನಲ್ಲಿ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದ್ರೆ ವಿನಾಯಿತಿ ಇತ್ತು, ನ್ಯಾಯವಾಗಿ ಅದೇ ಸರಿ, ಆದ್ರೆ ಎಷ್ಟಕ್ಕೆ ಕೊಂಡಿದ್ದು ಅಂತ ಪ್ರತಿ ಸಲ ಸಾಬೀತು ಮಾಡೋದು ದೊಡ್ಡ ತಲೆನೋವು. ಆ ಕಾನೂನೂ ಈಗ ಹೆಚ್ಚುಕಡಿಮೆ ಸತ್ತಂಗೆ, 2018ರಲ್ಲಿ ಫೆಡರಲ್ ಕೋರ್ಟ್, 1977ರ ಒಂದು ವರ್ಷದ ಮಾರಾಟ ಬಿಟ್ಟು ಉಳಿದಿದ್ದಕ್ಕೆಲ್ಲ ಅದು ನಡೆಯಲ್ಲ ಅಂದುಬಿಡ್ತು. ಬ್ರಿಟನ್ನಲ್ಲಿ ಇದಕ್ಕೆ ಒಂದು ದಾರಿ ಹುಡುಕಿದ್ರು, ಕಲಾವಿದರಿಂದ ನೇರ ಕೊಂಡು ಮೂರು ವರ್ಷದೊಳಗೆ 10,000 ಪೌಂಡ್ (2024ಕ್ಕೆ ಮುಂಚೆ 10,000 ಯುರೋ) ಮೀರದ ಬೆಲೆಗೆ ಮಾರಿದ್ರೆ ರಾಯಲ್ಟಿ ಇಲ್ಲ. ಹೊಸಬರ ಮೇಲೆ ದುಡ್ಡು ಹಾಕೋ ಗ್ಯಾಲರಿಗಳನ್ನ ಉಳಿಸೋಕೆ ಇದು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ.

ರಾಯಲ್ಟಿ ಕಟ್ಟೋದು ಯಾರು, ಮಾರೋನಾ ಕೊಳ್ಳೋನಾ, ಅಂತ ಫ್ರಾನ್ಸಲ್ಲಿ ವರ್ಷಗಟ್ಟಲೆ ಕೇಸು ನಡೀತು. ಕಾನೂನಲ್ಲಿ ಮಾರೋನು ಅಂತಿತ್ತು, ಕ್ರಿಸ್ಟೀಸ್‌ನವರು ಕೊಳ್ಳೋನ ಬಿಲ್ಲಿಗೆ ಸೇರಿಸಿದ್ರು, ಹಾಗೆ ಒಪ್ಪಂದ ಮಾಡ್ಕೋಬಹುದು ಅಂತ ಯುರೋಪಿನ ಕೋರ್ಟ್ 2015ರಲ್ಲಿ ಹೇಳಿತು. ಬಿಲ್ಲಲ್ಲಿ ಯಾರ ಹೆಸರಿದ್ರೂ ಕೊನೆಗೆ ಭಾರ ಬೀಳೋದು ಬಿಟ್ಟು ಹೋಗೋಕೆ ಆಗದವರ ಮೇಲೆ. ಇಷ್ಟು ಸಾಕು ಇದಕ್ಕೆ.

ದುಡ್ಡು ಯಾರಿಗೆ ಸೇರುತ್ತೆ ಅನ್ನೋದು ನನಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡ ಮೊತ್ತ ಕೆಲವೇ ದೊಡ್ಡ ಹೆಸರುಗಳಿಗೆ, ಅದರಲ್ಲೂ ಸತ್ತವರ ಕುಟುಂಬಗಳಿಗೆ ಹೋಗುತ್ತೆ, ಇದು ನಿಜವಾದ ದೂರು. 12,500ರ ಮಿತಿ ಇರೋದ್ರಿಂದ ಅದು ಸ್ವಲ್ಪ ತಗ್ಗುತ್ತೆ. ಆಸ್ಟ್ರೇಲಿಯಾ ನೋಡಿ. ಅಲ್ಲಿನ ಮೂಲನಿವಾಸಿ ಕಲಾವಿದ ಕ್ಲಿಫರ್ಡ್ ಪಾಸಮ್ ‘ವಾರ್ಲುಗುಲಾಂಗ್’ ಅನ್ನೋ ದೊಡ್ಡ ಚಿತ್ರವನ್ನ 1977ರಲ್ಲಿ 1,200 ಡಾಲರ್‌ಗೆ ಕೊಟ್ಟಿದ್ರು, 2007ರಲ್ಲಿ ಅದು 24 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೆ ಹೋಯ್ತು. ಅವರು ಅಷ್ಟೊತ್ತಿಗೆ ತೀರಿಕೊಂಡಿದ್ರು. 2009ರಲ್ಲಿ ಅಲ್ಲಿ ಕಾನೂನು ಬಂತು, 2010ರ ಜೂನ್‌ನಿಂದ ಜಾರಿ, 1,000 ಡಾಲರ್ ಮತ್ತು ಅದರ ಮೇಲಿನ ಮರುಮಾರಾಟಕ್ಕೆ ನೇರ 5 ಪರ್ಸೆಂಟ್. ದುಡ್ಡು ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೂಲನಿವಾಸಿ ಕಲಾವಿದರು. ಒಂದೊಂದು ಸಲ ಬರೋದು ಸಣ್ಣ ಮೊತ್ತ, ಆದ್ರೆ ಮರಳುಗಾಡಿನ ಮಧ್ಯೆ ಇರೋ ಹಳ್ಳಿಯ ಮುದುಕಿಗೆ ಅದು ಸಣ್ಣದಲ್ಲ.

ನಾರ್ವೆಯಲ್ಲಿ ಇನ್ನೊಂದು ದಾರಿ. 1948ರಿಂದ ಅಲ್ಲಿ ಕಲೆಯ ಸಾರ್ವಜನಿಕ ಮಾರಾಟದ ಮೇಲೆ ಒಂದು ಶುಲ್ಕ ಇದೆ, ಅದು ಆಯಾ ಕಲಾವಿದನಿಗೆ ಹೋಗಲ್ಲ, ಒಂದು ಸಾಮಾನ್ಯ ನಿಧಿಗೆ ಹೋಗುತ್ತೆ, ಅಲ್ಲಿಂದ ಕಷ್ಟದಲ್ಲಿರೋ ಕಲಾವಿದರಿಗೆ ನೆರವು. ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ 2025ರ ಮಾರ್ಚಲ್ಲಿ 1.37 ಕೋಟಿ ಡಾಲರ್‌ಗೆ ಹೋಯ್ತಲ್ಲ, ಅದು ದಶಕಗಳ ಕಾಲ ಇದ್ದಿದ್ದು ಅದೇ ನಾರ್ವೆಯ ಆಸ್ಲೋದ ಆಸ್ಪತ್ರೆಯಲ್ಲಿ. 1954ರಲ್ಲಿ ದಿಲ್ಲಿಯಲ್ಲಿ ಅದನ್ನ ಕೊಂಡ ಡಾಕ್ಟರ್ ಆ ಆಸ್ಪತ್ರೆಗೆ ಬಿಟ್ಟುಹೋಗಿದ್ರು, ಬಂದ ದುಡ್ಡು ಡಾಕ್ಟರ್‌ಗಳ ತರಬೇತಿಗೆ ಅಂತ ಹೇಳಿದ್ರು. ಒಳ್ಳೇ ಕೆಲಸಾನೇ. ಆದ್ರೆ ಮಾರಾಟ ನಡೆದಿದ್ದು ನ್ಯೂಯಾರ್ಕಲ್ಲಿ, ಹಾಗಾಗಿ ಕಲಾವಿದರ ಕಡೆಗೆ ಕಾನೂನಿನಿಂದ ಏನೂ ಇಲ್ಲ.

ಇದರಲ್ಲಿ ಒಂದು ಲಾಭದ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಕಲಾವಿದನಿಗೆ ತನ್ನ ಹಳೇ ಕೃತಿಗಳ ಬೆಲೆಯಲ್ಲಿ ಪಾಲು ಇದ್ರೆ, ಒಂದೇ ಥರದ್ದನ್ನ ರಾಶಿ ರಾಶಿ ಮಾಡಿ ಮಾರ್ಕೆಟ್‌ಗೆ ಸುರಿಯೋ ಆಸೆ ಕಡಿಮೆ ಆಗುತ್ತೆ, ಯಾಕಂದ್ರೆ ಅದರಿಂದ ಬೀಳೋ ಬೆಲೆಯಲ್ಲಿ ತನ್ನದೂ ನಷ್ಟ ಇದೆ. ಇದು ಕೊಂಡವರಿಗೂ ರಕ್ಷಣೆ. ಇನ್ನೊಂದು, ರಾಯಲ್ಟಿ ವಸೂಲಿ ಮಾಡಬೇಕಾದ್ರೆ ಯಾವ ಕೃತಿ ಯಾವಾಗ ಎಷ್ಟಕ್ಕೆ ಕೈ ಬದಲಾಯ್ತು ಅಂತ ದಾಖಲೆ ಬೇಕು. ನಕಲಿ ಪೇಂಟಿಂಗ್ ಕಾಟ ಇರೋ ನಮ್ಮ ಮಾರ್ಕೆಟಲ್ಲಿ ಅಂಥ ದಾಖಲೆ ಇದ್ರೆ ಕೊಳ್ಳೋನಿಗೆ ಧೈರ್ಯ ಬರುತ್ತೆ, ಆ ಧೈರ್ಯಕ್ಕೆ ನಾಲ್ಕು ಪರ್ಸೆಂಟ್‌ಗಿಂತ ಜಾಸ್ತಿ ಬೆಲೆ ಇದೆ ಅಂತ ನಾನಂತೂ ನಂಬ್ತೀನಿ.

ಕಂಪ್ಯೂಟರಲ್ಲಿ ಕೆಲಸ ಮಾಡೋ ಹುಡುಗರು ಇಲ್ಲಿ ಇದ್ದಾರೆ ಅಂತ ಎನ್‌ಎಫ್‌ಟಿ ಬಗ್ಗೆ, ಅಂದ್ರೆ ಡಿಜಿಟಲ್ ಕೃತಿ ಯಾರದ್ದು ಅಂತ ಹೇಳೋ ಕಂಪ್ಯೂಟರ್ ದಾಖಲೆ ಬಗ್ಗೆ, ಒಂದು ಮಾತು. ಮರುಮಾರಾಟ ಆದಾಗೆಲ್ಲ ಕಲಾವಿದನಿಗೆ ತಾನಾಗೇ ಪಾಲು ಹೋಗುತ್ತೆ ಅಂತ ಅಲ್ಲಿ ದೊಡ್ಡದಾಗಿ ಹೇಳಿದ್ರು. 2022ರಲ್ಲಿ ಬ್ಲರ್ ಅನ್ನೋ ಹೊಸ ಮಾರ್ಕೆಟ್ ಬಂದು ರಾಯಲ್ಟಿ ವಿಷಯದಲ್ಲಿ ಸಡಿಲ ಬಿಟ್ಟಿತು, ವ್ಯಾಪಾರಿಗಳು ಅತ್ತ ಹೋದ್ರು, ಕೊನೆಗೆ ಓಪನ್‌ಸೀ ಅನ್ನೋ ಹಳೇ ಮಾರ್ಕೆಟ್ ಕೂಡ 2023ರ ಆಗಸ್ಟ್‌ನಲ್ಲಿ ಕಡ್ಡಾಯ ವಸೂಲಿ ಕೈಬಿಟ್ಟಿತು. ಒಂದು ಕ್ಲಿಕ್ಕಲ್ಲಿ ಮಾರ್ಕೆಟ್ ಬದಲಿಸೋಕೆ ಆಗೋ ಕಡೆ, ಕಾನೂನಿನ ಒತ್ತಾಯ ಇಲ್ಲದ ಕಡೆ, ರಾಯಲ್ಟಿ ನಿಲ್ಲಲ್ಲ. ಮಾರ್ಕೆಟ್ ಓಡಿ ಹೋಗುತ್ತೆ ಅಂದವರ ಮಾತು ಅಲ್ಲಿ ಪೂರ್ತಿ ನಿಜ ಆಯ್ತು.

ಈಗ ನಮ್ಮ ದೇಶ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಭಾರತದಲ್ಲಿ ಈ ಹಕ್ಕು ಬ್ರಿಟನ್ನಿಗಿಂತ ಮೊದಲೇ ಬಂದಿದೆ. 1957ರ ಕಾಪಿರೈಟ್ ಆಕ್ಟ್‌ಗೆ 1994ರಲ್ಲಿ ತಿದ್ದುಪಡಿ ತಂದು 53ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು, 1995ರಿಂದ ಜಾರಿ. ಪೇಂಟಿಂಗ್, ಶಿಲ್ಪ, ಡ್ರಾಯಿಂಗ್, ಜೊತೆಗೆ ಸಾಹಿತ್ಯ, ನಾಟಕ, ಸಂಗೀತದ ಮೂಲ ಹಸ್ತಪ್ರತಿ, ಇವು 10,000 ರೂಪಾಯಿ ಮೀರಿದ ಬೆಲೆಗೆ ಮರುಮಾರಾಟ ಆದ್ರೆ ಮಾಡಿದವರಿಗೆ ಅಥವಾ ವಾರಸುದಾರರಿಗೆ ಪಾಲು. ಕಾಪಿರೈಟ್ ಇರೋವರೆಗೆ, ಅಂದ್ರೆ ಸತ್ತು 60 ವರ್ಷದವರೆಗೆ. ಹಸ್ತಪ್ರತಿ ಸೇರಿಸಿದ್ದು ನನಗೆ ತುಂಬಾ ಇಷ್ಟ ಆದ ವಿಷಯ. ನಮ್ಮ ಲೇಖಕರ ಕೈಬರಹದ ನೋಟ್‌ಬುಕ್ಕುಗಳು ಎಷ್ಟೋ ಮನೆಗಳಲ್ಲಿ ಇವತ್ತಿಗೂ ಟ್ರಂಕಲ್ಲಿ ಇವೆ, ಅವಕ್ಕೂ ಒಂದು ಬೆಲೆ ಇದೆ, ಆ ಬೆಲೆಯಲ್ಲಿ ಮನೆಯವರಿಗೆ ಪಾಲಿದೆ ಅಂತ ಕಾನೂನು ಹೇಳುತ್ತೆ. ರದ್ದಿಗೆ ಹಾಕೋಕೆ ಮುಂಚೆ ಇದನ್ನ ದಯವಿಟ್ಟು ನೆನಪಿಸ್ಕೊಳ್ಳಿ.

ಆದ್ರೆ ಪಾಲು ಎಷ್ಟು ಅಂತ ಸೆಕ್ಷನ್ ಹೇಳಲ್ಲ. 10 ಪರ್ಸೆಂಟ್ ಮೀರಬಾರದು ಅಂತ ಮಾತ್ರ ಇದೆ, ಎಷ್ಟು ಅನ್ನೋದನ್ನ ಕಾಪಿರೈಟ್ ಬೋರ್ಡ್ ನಿರ್ಧರಿಸಬೇಕು ಅಂತ. ಆಮೇಲೆ ಬೋರ್ಡಿನ ಕೆಲಸ ಇನ್ನೊಂದು ಟ್ರಿಬ್ಯೂನಲ್‌ಗೆ ಹೋಯ್ತು, 2021ರಲ್ಲಿ ಅದನ್ನೂ ಮುಚ್ಚಿ ಕಮರ್ಷಿಯಲ್ ಕೋರ್ಟ್‌ಗೆ ಕೊಟ್ರು. ಮಾರಾಟದ ವಿವರ ಕೊಡಲೇಬೇಕು ಅಂತ ಹರಾಜು ಕಂಪನಿಗೆ ಆ ಸೆಕ್ಷನ್ನಲ್ಲಿ ಹೇಳಿಲ್ಲ, ಬ್ರಿಟನ್ನಲ್ಲಿ ಇರೋ ಹಾಗೆ ವಸೂಲಿ ಸೊಸೈಟಿಯ ಮೂಲಕವೇ ಆಗಬೇಕು ಅಂತಲೂ ಇಲ್ಲ. ವಿ.ಎಸ್. ಗಾಯ್ತೊಂಡೆ ಅನ್ನೋ ಕಲಾವಿದರ ಒಂದು ಪೇಂಟಿಂಗ್ 2013ರ ಡಿಸೆಂಬರಲ್ಲಿ ಇಲ್ಲೇ, ತಾಜ್ ಹೋಟೆಲಲ್ಲಿ, 23.7 ಕೋಟಿಗೆ ಹೋಯ್ತು. ಅವರು ತೀರಿಕೊಂಡಿದ್ದು 2001ರಲ್ಲಿ, ಹಕ್ಕು 2061ರ ಕೊನೆಯವರೆಗೆ. ಅದರ ಮೇಲೆ ರಾಯಲ್ಟಿ ಎಷ್ಟಾಗಬೇಕಿತ್ತು? ಹತ್ತು ಪರ್ಸೆಂಟ್ ಅಂದ್ರೆ 2.37 ಕೋಟಿ. ಯುರೋಪಿನ ಮಿತಿ ಹಾಕಿದ್ರೆ ಹತ್ತು ಲಕ್ಷದ ಆಸುಪಾಸು. ಎರಡರ ನಡುವೆ ಇಪ್ಪತ್ತು ಪಟ್ಟಿಗೂ ಮೀರಿದ ಅಂತರ, ಯಾವುದು ಅಂತ ಹೇಳೋರಿಲ್ಲ. ಮಾರೋನಿಗೆ ಎಷ್ಟು ಕೊಡಬೇಕು ಗೊತ್ತಿಲ್ಲ, ಕಲಾವಿದರ ಮನೆಯವರಿಗೆ ಎಷ್ಟು ಕೇಳಬೇಕು ಗೊತ್ತಿಲ್ಲ. ಕೇಳಬೇಕು ಅಂದ್ರೆ ವಕೀಲರನ್ನ ಇಟ್ಕೊಂಡು ಕೋರ್ಟಿಗೆ ಹೋಗಬೇಕು, 2 ಲಕ್ಷದ ಪೇಂಟಿಂಗಿನ ಪಾಲಿಗೆ ಯಾರು ಹೋಗ್ತಾರೆ? ಈ ದೇಶದಲ್ಲಿ ರಾಯಲ್ಟಿಯಿಂದ ಮಾರ್ಕೆಟ್‌ಗೆ ಏನಾಯ್ತು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದೆ ಇರೋದು ಇದಕ್ಕೇ, ರಾಯಲ್ಟಿ ನಡೆದೇ ಇಲ್ಲ.

ನಮ್ಮವರೇ ಆದ ಕೆ.ಕೆ. ಹೆಬ್ಬಾರರ ಹೆಸರು ಹೇಳದೆ ಮುಂಬೈಲಿ ಈ ಮಾತು ಮುಗಿಸೋಕಾಗಲ್ಲ. ಉಡುಪಿ ಹತ್ರದ ಕಟ್ಟಿಂಗೇರಿಯಿಂದ ಬಂದು, ಜೆ.ಜೆ. ಸ್ಕೂಲಲ್ಲಿ ಕಲಿತು, ಅಲ್ಲೇ ಕಲಿಸಿ, 1996ರಲ್ಲಿ ಇದೇ ಊರಲ್ಲಿ ಹೋದ್ರು. ಅವರ ಕೃತಿಗಳು ಇವತ್ತು ಹರಾಜುಗಳಲ್ಲಿ ಬರ್ತವೆ, ಈ ಹಕ್ಕು 2056ರವರೆಗೆ ಇದೆ. ಅವರ ಥರದ ಕಲಾವಿದರು, ಅಂದ್ರೆ ದಾಖಲೆ ಮುರಿಯೋ ಕೋಟಿಗಳ ಸುದ್ದಿಯಲ್ಲಿ ಇಲ್ಲದೆ ಮತ್ತೆ ಮತ್ತೆ ಕೈ ಬದಲಾಗೋ ಕೃತಿಗಳು ಇರೋರು, ಇವರಿಗೇ ಈ ಕಾನೂನಿಂದ ನಿಜವಾದ ಉಪಯೋಗ ಆಗಬೇಕಿತ್ತು. ನನಗೆ ಬೇಜಾರಾಗೋದು ಅಲ್ಲಿ.

ನೀವೇ ಹೇಳಿ, ಎಷ್ಟು ಇಡಬೇಕು ಅಂತ ಹಿಂದಿನ ಸಾಲಲ್ಲಿ ಒಬ್ಬರು ಕೇಳಿದ್ರು. ನನ್ನ ಅಭಿಪ್ರಾಯ ಹೇಳ್ತೀನಿ. 10,000ದ ಗಡಿ ಮೂವತ್ತು ವರ್ಷ ಹಳೇದು, ಅಷ್ಟು ಸಣ್ಣದಕ್ಕೆ ವಸೂಲಿ ಖರ್ಚೇ ಜಾಸ್ತಿ, ಅದನ್ನ ಒಂದು ಲಕ್ಷಕ್ಕೆ ಏರಿಸಬೇಕು. ಅದರ ಮೇಲೆ 4 ಪರ್ಸೆಂಟ್, ಮೇಲೆ ಹೋದಂಗೆ ಇಳೀತಾ ಬರಬೇಕು, ಒಂದು ಮಾರಾಟಕ್ಕೆ ಹತ್ತು ಹದಿನೈದು ಲಕ್ಷದ ಮಿತಿ. 10 ಪರ್ಸೆಂಟ್ ಬೇಡವೇ ಬೇಡ, ಅಷ್ಟಿಟ್ರೆ ಹರಾಜು ದುಬೈಗೋ ಲಂಡನ್ನಿಗೋ ಹೋಗುತ್ತೆ, ಇಲ್ಲಾಂದ್ರೆ ಕ್ಯಾಶಲ್ಲಿ ನಡೆಯುತ್ತೆ, ನಮ್ಮ ಊರಲ್ಲಿ ಅದು ಹೆಂಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹರಾಜು ಕಂಪನಿಗಳು, ದೊಡ್ಡ ಗ್ಯಾಲರಿಗಳು ಮೂರು ತಿಂಗಳಿಗೊಮ್ಮೆ ಮರುಮಾರಾಟದ ಪಟ್ಟಿ ಕೊಡಬೇಕು. ವಾರಸುದಾರರು ಸಿಗದ ದುಡ್ಡು ನಾರ್ವೆ ಥರ ಒಂದು ನಿಧಿಗೆ ಹೋಗಲಿ, ವಯಸ್ಸಾದ ಕಲಾವಿದರ ಔಷಧಿ ಖರ್ಚಿಗೆ ಆಗುತ್ತೆ.

ಅಲ್ಲಿಯವರೆಗೆ ನಾವೇನು ಮಾಡೋದು ಸರ್ ಅಂತ ಪೇಂಟಿಂಗ್ ಮಾಡೋ ಒಬ್ಬ ಹುಡುಗಿ ಕೇಳಿದ್ರು. 1971ರಲ್ಲಿ ನ್ಯೂಯಾರ್ಕಲ್ಲಿ ಸೆತ್ ಸೀಗೆಲಾಬ್ ಅನ್ನೋರು ವಕೀಲರೊಬ್ಬರ ಜೊತೆ ಸೇರಿ ಒಂದು ಕರಾರು ಪತ್ರ ತಯಾರು ಮಾಡಿದ್ರಮ್ಮ, ಮರುಮಾರಾಟದಲ್ಲಿ ಏರಿದ ಬೆಲೆಯ 15 ಪರ್ಸೆಂಟ್ ಕಲಾವಿದನಿಗೆ ಅಂತ. ಬಳಸಿದವರು ಕಮ್ಮಿ, ಯಾಕಂದ್ರೆ ಹೊಸಬರು ಅಂಥ ಕರಾರು ಮುಂದಿಟ್ರೆ ಕೊಳ್ಳೋರು ಪಕ್ಕದ ಅಂಗಡಿಗೆ ಹೋಗ್ತಾರೆ. ಎಲ್ಲರಿಗೂ ಒಂದೇ ಕಾನೂನು ಬೇಕು ಅನ್ನೋದು ಇದಕ್ಕೇ. ನೀವು ಈಗಲೇ ಮಾಡಬಹುದಾದ್ದು ಇಷ್ಟು. ಮಾರಿದ ಪ್ರತಿ ಕೃತಿಯ ಫೋಟೋ, ಅಳತೆ, ವರ್ಷ, ಕೊಂಡವರು, ಬೆಲೆ ಒಂದು ಕಡೆ ಬರೆದಿಡಿ. ಬಿಲ್ಲಲ್ಲಿ 53ಎ ಪ್ರಕಾರ ಮರುಮಾರಾಟದ ಪಾಲಿನ ಹಕ್ಕು ನನಗಿದೆ ಅಂತ ಒಂದು ಸಾಲು ಹಾಕಿಸಿ, ಗ್ಯಾಲರಿಯವರು ಬೇಡ ಅಂದ್ರೂ ಕೇಳಿ ಹಾಕಿಸಿ. ಆ ಪಟ್ಟಿಯ ಒಂದು ಪ್ರತಿ ಮನೆಯವರ ಹತ್ರ ಇರಲಿ. ಮುಂದೆ ರೇಟು ನಿಗದಿ ಆಗಿ ಪಾಲು ಕೇಳೋ ದಿನ ಬಂದಾಗ ಈ ಕೃತಿ ನನ್ನದು ಅಂತ ತೋರಿಸೋಕೆ ಆ ಕಾಗದ ಬೇಕಾಗುತ್ತೆ.